ತಳದ ರಂಧ್ರ, ನಿಯಮದ ರಂಧ್ರ

ಫಾರ್ಮುಲಾ 1 ಕಾರಿನ ಹಿಂರೆಕ್ಕೆಯೆಂದರೆ ತಲೆಕೆಳಗಾದ ವಿಮಾನದ ರೆಕ್ಕೆ ಎಂದು ನೀವು ಓದಿರಬಹುದು. ತಪ್ಪೇನಿಲ್ಲ, ಆದರೆ ಅದು ಅರ್ಧ ಕಥೆ. ಕಾರಿನ ತಳದ ಹಿಂತುದಿಯಲ್ಲಿ ಮೇಲಕ್ಕೆ ಬಾಗಿರುವ ಡಿಫ್ಯೂಸರನ್ನು ಗಮನಿಸಿ. ಅಲ್ಲಿ ಹಾದಿ ಹಿಗ್ಗುವುದರಿಂದ ಗಾಳಿಯ ವೇಗ ತಗ್ಗಿ, ಒತ್ತಡವು ಹೊರಗಿನ ಒತ್ತಡದ ಮಟ್ಟಕ್ಕೆ ಏರುತ್ತದೆ. ಹಾಗಾದರೆ ಅದಕ್ಕೂ ಮುಂಚಿನ ಕಿರಿದಾದ ಭಾಗದಲ್ಲಿ ಒತ್ತಡ ಎಷ್ಟಿರಬೇಕು? ಹೊರಗಿನದಕ್ಕಿಂತ ಕಡಿಮೆಯೇ ತಾನೆ! ಈ ಕೊರತೆಯೇ ಕಾರನ್ನು ನೆಲಕ್ಕೆ ಒತ್ತುತ್ತದೆ.

2009ರ ನಿಯಮಗಳು ಹಿಂರೆಕ್ಕೆಯ ಅಗಲವನ್ನು 1000 ಮಿ.ಮೀ.ನಿಂದ 750ಕ್ಕೆ ಇಳಿಸಿದವು. ಡಿಫ್ಯೂಸರಿನ ಎತ್ತರವನ್ನು 175 ಮಿ.ಮೀ.ಗೆ ನಿಗದಿಪಡಿಸಿದವು. ಕೆಳಮುಖ ಬಲವನ್ನು ತಗ್ಗಿಸಿ, ಹಿಂಬಾಲಿಸುವ ಕಾರಿಗೆ ಕದಡಿದ ಗಾಳಿಯ ಕಾಟ ತಪ್ಪಿಸುವುದು ಉದ್ದೇಶ. ಆದರೆ ಬ್ರಾನ್, ಟೊಯೋಟಾ, ವಿಲಿಯಮ್ಸ್ ತಂಡಗಳು ತಳದ ಎರಡು ಮಟ್ಟಗಳ ನಡುವಿನ ಸಂದಿಯಿಂದ ಗಾಳಿಯನ್ನು ಮೇಲೆತ್ತಿ ಎರಡನೆಯ ಡಿಫ್ಯೂಸರಿಗೆ ಹಾಯಿಸಿದವು. ನೇರ ಕೆಳಗಿನಿಂದ ನೋಡಿದರೆ ರಂಧ್ರ ಕಾಣದು. ಕಾಣದ್ದರಿಂದ ಅದು ರಂಧ್ರವೇ ಅಲ್ಲ ಎಂಬ ವಾದ! 2009ರ ಏಪ್ರಿಲ್ 15ರಂದು ಮೇಲ್ಮನವಿ ನ್ಯಾಯಾಲಯ ಈ ವಿನ್ಯಾಸವನ್ನು ಒಪ್ಪಿತು.

ಬ್ರಾನ್‌ನ ಜೆನ್ಸನ್ ಬಟನ್ ಮೊದಲ 7 ಸ್ಪರ್ಧೆಗಳಲ್ಲಿ 6 ಗೆದ್ದರು. ಎಲ್ಲವೂ ಡಿಫ್ಯೂಸರಿನ ಮಹಿಮೆ ಎಂದು ತರಗತಿಯಲ್ಲಿ ಹೇಳಿಬಿಡಬೇಡಿ. ಅಂಥದೇ ಸಾಧನವಿದ್ದ ಟೊಯೋಟಾ, ವಿಲಿಯಮ್ಸ್ ಆ ವರ್ಷ ಒಂದೂ ಗೆಲ್ಲಲಿಲ್ಲ.

ಎಂಜಿನಿಯರುಗಳ ಜಾಣ್ಮೆಯನ್ನು ಮೆಚ್ಚೋಣ. ದೋಷವಿರುವುದು ನಿಯಮದಲ್ಲಿ. ತಗ್ಗಿಸಬೇಕಾಗಿದ್ದುದು ಬಲ, ಅಳೆದದ್ದು ಆಕಾರವನ್ನು. ಆಕಾರದ ಅಳತೆಗೆ ಒಳಪಟ್ಟೇ ಬಲ ಮರಳಿ ಬಂತು, ಉಳಿದ ತಂಡಗಳೂ ಅದನ್ನೇ ಅನುಸರಿಸಿದವು. ಜೋಡಿ ಡಿಫ್ಯೂಸರಿಗೆ ನಿಷೇಧ ಬಂದದ್ದು 2011ರಲ್ಲಿ.