ಐಬು ಬರೆಯುವ ಭಾಷೆ

1990ರ ಏಪ್ರಿಲ್ 9ರಂದು ಅಮೆರಿಕದ ಜಾರ್ಜಿಯಾ ಪವರ್ ಎಂಬ ವಿದ್ಯುತ್ ಕಂಪೆನಿ ಅಲ್ಲಿನ ಅಣು ನಿಯಂತ್ರಣ ಆಯೋಗಕ್ಕೆ ಒಂದು ಪತ್ರ ಬರೆಯಿತು. ತನ್ನ ವೋಗ್ಟಲ್ ಅಣುಸ್ಥಾವರದ ಒಂದನೇ ಘಟಕವನ್ನು ಮತ್ತೆ ಚಾಲೂ ಮಾಡಲು ಅನುಮತಿ ಕೋರಿದ ಪತ್ರ ಅದು. ಅದರಲ್ಲಿದ್ದ ಒಂದು ಮಾತಿನ ಸಾರ ಇಷ್ಟು: ಮಾರ್ಚ್ 20ರ ನಂತರ ನಮ್ಮ ಒಂದು ಡೀಸೆಲ್ ಜನರೇಟರನ್ನು 18 ಸಲ, ಇನ್ನೊಂದನ್ನು 19 ಸಲ ಚಾಲೂ ಮಾಡಿದ್ದೇವೆ, ಒಮ್ಮೆಯೂ ತೊಂದರೆಯಾಗಿಲ್ಲ.

ಕಥೆ, ಕವಿತೆ, ಸಿನೆಮಾಗಳನ್ನು ವಿಮರ್ಶಿಸುವ ಪುಟಗಳಲ್ಲಿ ಒಂದು ಕಂಪೆನಿಯ ಪತ್ರವನ್ನು ಎತ್ತಿಕೊಂಡದ್ದು ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಊರಿಗೆ ಊರೇ ಜೀವ ಒತ್ತೆಯಿಟ್ಟಿರುವ ಗದ್ಯ ಇಂದು ಬರೆಯಲ್ಪಡುತ್ತಿರುವುದು ಇಂಥ ಪತ್ರಗಳಲ್ಲೇ. ಕವಿಯ ಒಂದು ವಿಶೇಷಣವನ್ನು ಹಿಡಿದು ನಾಲ್ಕು ಪುಟ ಬರೆಯುವ ನಾವು, ಇಂಜಿನಿಯರರ ಒಂದು ವಾಕ್ಯವನ್ನು ಪ್ರಶ್ನಿಸದೆ ನುಂಗಿಬಿಡುತ್ತೇವೆ.

ಜನರೇಟರ್ ಎಂದೊಡನೆ ನಮಗೆ ನೆನಪಾಗುವುದು ಕರೆಂಟು ಹೋದಾಗ ಮದುವೆ ಹಾಲಿನ ಹಿಂದೆ ಗುಡುಗುಟ್ಟುವ ಯಂತ್ರ. ಅದು ಕೈಕೊಟ್ಟರೆ ಬಿರಿಯಾನಿ ಬಡಿಸುವವರಿಗೆ ತೊಂದರೆ, ಅಷ್ಟೆ. ಅಣುಸ್ಥಾವರದ ವಿಷಯ ಬೇರೆ. ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ಅದರ ಇಂಧನ ಶಾಖವನ್ನು ಹೊರಸೂಸುತ್ತಲೇ ಇರುತ್ತದೆ. ಆ ಶಾಖವನ್ನು ಹೊರಗೆ ಸಾಗಿಸುವ ಪಂಪುಗಳಿಗೆ ವಿದ್ಯುತ್ ಬೇಕು. ಹೊರಗಿನಿಂದ ಬರುವ ವಿದ್ಯುತ್ ನಿಂತರೆ ಡೀಸೆಲ್ ಜನರೇಟರುಗಳು ಕೆಲವೇ ಸೆಕೆಂಡುಗಳಲ್ಲಿ ತಾವಾಗಿ ಚಾಲೂ ಆಗಬೇಕು. ಫುಕುಷಿಮಾದಲ್ಲಿ 2011ರಲ್ಲಿ ಅವು ಸುನಾಮಿಯ ನೀರಿನಲ್ಲಿ ಮುಳುಗಿದಾಗ ಏನಾಯಿತೆಂದು ಜಗತ್ತು ಕಂಡಿದೆ.

ವೋಗ್ಟಲ್‌ನಲ್ಲಿ ಸುನಾಮಿ ಇರಲಿಲ್ಲ. ಒಂದು ಟ್ರಕ್ ಇತ್ತು. 1990ರ ಮಾರ್ಚ್ 20ರಂದು ಸ್ವಿಚ್‌ಯಾರ್ಡಿನಲ್ಲಿ ಹಿಂದಕ್ಕೆ ಚಲಿಸುತ್ತಿದ್ದ ಟ್ರಕ್ಕೊಂದು ವಿದ್ಯುತ್ ತಂತಿಯ ಆಧಾರಕ್ಕೆ ಗುದ್ದಿತು. ಇಂಧನ ಬದಲಾವಣೆಗಾಗಿ ನಿಲ್ಲಿಸಿದ್ದ ಒಂದನೇ ಘಟಕಕ್ಕೆ ಹೊರಗಿನ ವಿದ್ಯುತ್ ಕಡಿದುಹೋಯಿತು. ಎರಡು ಡೀಸೆಲ್ ಜನರೇಟರುಗಳಲ್ಲಿ ಒಂದನ್ನು ರಿಪೇರಿಗಾಗಿ ಬಿಚ್ಚಿಟ್ಟಿದ್ದರು. ಇನ್ನೊಂದು ಚಾಲೂ ಆಗಿ ಸುಮಾರು ಒಂದೂಕಾಲು ನಿಮಿಷ ಓಡಿ ನಿಂತುಬಿಟ್ಟಿತು. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ತುರ್ತು ವಿಧಾನದಲ್ಲಿ, ಅಂದರೆ ಹೆಚ್ಚಿನ ಸೆನ್ಸರುಗಳ ಮಾತನ್ನು ಬದಿಗಿಟ್ಟು ಎಬ್ಬಿಸಿದಾಗ ಮಾತ್ರ ಅದು ನಿಲ್ಲದೆ ಓಡಿತು. ಅಷ್ಟರಲ್ಲಿ 36 ನಿಮಿಷ ಕಳೆದಿತ್ತು. ರಿಯಾಕ್ಟರಿನ ನೀರು ಸುಮಾರು 32 ಡಿಗ್ರಿಯಿಂದ 58 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಅನಾಹುತವೇನೂ ಆಗಲಿಲ್ಲ.

ಯಂತ್ರ ನಿಂತದ್ದು ಯಂತ್ರದ ದೋಷದಿಂದಲ್ಲ. ತಂಪುಗೊಳಿಸುವ ನೀರು ಬಿಸಿಯಾಗಿದೆಯೇ ಎಂದು ನೋಡುವ, ಗಾಳಿಯ ಒತ್ತಡದಿಂದ ಕೆಲಸ ಮಾಡುವ ಪುಟ್ಟ ಸೆನ್ಸರುಗಳ ಮೇಲೆ ಸಂಶಯ ಬಂತು. ನೀರು ಬಿಸಿಯಾಗದಿದ್ದರೂ ‘ಬಿಸಿಯಾಗಿದೆ, ನಿಲ್ಲು’ ಎಂದು ಅವು ಹೇಳಿದ್ದವು. ಆದ್ದರಿಂದ ಸ್ಥಾವರ ಮತ್ತೆ ಚಾಲೂ ಆಗಬೇಕಾದರೆ ಜನರೇಟರುಗಳು ನಂಬಿಕೆಗೆ ಅರ್ಹವೆಂದು ಆಯೋಗಕ್ಕೆ ಮನವರಿಕೆ ಮಾಡಿಕೊಡಬೇಕಿತ್ತು. ಆ 18 ಮತ್ತು 19ರ ಹುಟ್ಟು ಅಲ್ಲಿದೆ.

ಈಗ ಆ ವಾಕ್ಯವನ್ನು ಓದೋಣ. ‘ಮಾರ್ಚ್ 20ರ ನಂತರ’ ಎಂದಾಗ ಓದುಗ ಏನು ತಿಳಿಯುತ್ತಾನೆ? ಘಟನೆಯ ದಿನದಿಂದ ಇಂದಿನವರೆಗೆ ಎಂದು. ಆದರೆ ಬಿಚ್ಚಿಟ್ಟಿದ್ದ ಎರಡನೇ ಜನರೇಟರನ್ನು ಜೋಡಿಸಿ ಪರೀಕ್ಷಿಸಿದ ಆ ದಿನಗಳಲ್ಲೇ ಅದು ಮಧ್ಯೆ ನಿಂತದ್ದಿತ್ತು, ತೊಂದರೆ ಕೊಟ್ಟದ್ದಿತ್ತು. ಕಂಟ್ರೋಲ್ ರೂಮಿನ ದಾಖಲೆಯಲ್ಲೂ ಅದು ಇತ್ತು. 19 ಎಂಬ ಸಂಖ್ಯೆಯೊಳಗೆ ಆ ಸೋಲುಗಳೂ ಸೇರಿಕೊಂಡಿದ್ದವು; ಅದರ ಪಕ್ಕದಲ್ಲಿ ‘ತೊಂದರೆಯಾಗಿಲ್ಲ’ ಎಂಬ ಮಾತು ಬಂದು ಕುಳಿತಿತ್ತು. ಆಯೋಗ ಪತ್ರವನ್ನು ನಂಬಿತು. ಸ್ಥಾವರಕ್ಕೆ ಅನುಮತಿ ಸಿಕ್ಕಿತು.

ಹತ್ತು ದಿನಗಳ ನಂತರ, ಏಪ್ರಿಲ್ 19ರಂದು, ಕಾನೂನು ಪ್ರಕಾರ ಸಲ್ಲಿಸಬೇಕಾದ ಘಟನಾ ವರದಿ ಹೋಯಿತು. ಅದರಲ್ಲಿ ಮಾತು ಸ್ವಲ್ಪ ಬದಲಾಗಿದೆ. ನಿಯಂತ್ರಣ ವ್ಯವಸ್ಥೆಯ ‘ಸಮಗ್ರ ಪರೀಕ್ಷಾ ಕಾರ್ಯಕ್ರಮ’ ಮುಗಿದ ಮೇಲೆ ಎರಡೂ ಜನರೇಟರುಗಳು ಕನಿಷ್ಠ 18 ಸಲ ನಿರಾತಂಕವಾಗಿ ಚಾಲೂ ಆಗಿವೆ ಎಂದಾಯಿತು. ಈ ಹೊಸ ನುಡಿಗಟ್ಟಿನ ಚಾತುರ್ಯವನ್ನು ಗಮನಿಸಬೇಕು. ಎಣಿಕೆ ಎಲ್ಲಿಂದ ಶುರು ಎಂಬುದನ್ನು ಅದು ಮುಂದಕ್ಕೆ ಸರಿಸಿತು; ಆದರೆ ಆ ಪರೀಕ್ಷೆ ಮುಗಿದದ್ದು ಯಾವ ದಿನ ಎಂದು ಹೇಳಲಿಲ್ಲ. ದಿನಾಂಕವಿಲ್ಲದ ಮೇಲೆ ಸರಿಯೋ ತಪ್ಪೋ ಎಂದು ಪರಿಶೀಲಿಸುವವರಾದರೂ ಹೇಗೆ? ಜೂನ್ ಕೊನೆಯಲ್ಲಿ ತಿದ್ದುಪಡಿಯ ಪತ್ರವೊಂದು ಹೋಯಿತು. ದಾಖಲೆ ಇಡುವ ಕ್ರಮದಲ್ಲಿನ ಲೋಪ ಮತ್ತು ಪರೀಕ್ಷಾ ಕಾರ್ಯಕ್ರಮ ಎಲ್ಲಿ ಮುಗಿಯುತ್ತದೆಂಬ ಗೊಂದಲ ಇದಕ್ಕೆ ಕಾರಣವೆಂದು ಅದು ಹೇಳಿತು. ಮೊದಲ ಪತ್ರದಲ್ಲಿ ‘ಪರೀಕ್ಷಾ ಕಾರ್ಯಕ್ರಮ’ ಎಂಬ ಮಾತೇ ಇಲ್ಲದಿರುವಾಗ ಅದರ ಕೊನೆಯ ಬಗ್ಗೆ ಗೊಂದಲ ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆಗೆ ಆ ವಿವರಣೆಯಲ್ಲಿ ಉತ್ತರವಿಲ್ಲ. ತಪ್ಪಿಗಿಂತ ತಿದ್ದುಪಡಿಯೇ ಹೆಚ್ಚು ಮಾತಾಡಿಬಿಡುವುದುಂಟು.

ಇದನ್ನೆಲ್ಲ ಮೊದಲು ಗಟ್ಟಿಯಾಗಿ ಓದಿದವನು ಹೊರಗಿನವನಲ್ಲ. ಅಲೆನ್ ಮೋಸ್‌ಬಾ ಅದೇ ಸ್ಥಾವರದ ಹಿರಿಯ ಅಧಿಕಾರಿ. ದಾಖಲೆಗೂ ಪತ್ರಕ್ಕೂ ತಾಳೆಯಿಲ್ಲವೆಂದು ಆತ ಒಳಗೇ ಹೇಳಿದ, ಆಯೋಗಕ್ಕೂ ತಿಳಿಸಿದ. ಅಷ್ಟೇ ಆಗಿದ್ದರೆ ಅವನ ಮಾತು ಕಡತದಲ್ಲಿ ಕೊಳೆಯುತ್ತಿತ್ತೇನೋ. ಆತ ಸಹೋದ್ಯೋಗಿಗಳ ಮಾತುಗಳನ್ನು ಗುಟ್ಟಾಗಿ ಟೇಪ್ ಮಾಡಿಕೊಂಡಿದ್ದ. ಏಪ್ರಿಲ್ 19ರ ವರದಿಯ ಒಕ್ಕಣೆ ಸಿದ್ಧವಾಗುವಾಗಿನ ಮಾತುಕತೆಯೂ ಅದರಲ್ಲಿತ್ತು. ಟೇಪ್ ವಿಷಯ ಬಯಲಾದಾಗ, 1990ರಲ್ಲೇ, ಅವನ ಕೆಲಸ ಹೋಯಿತು. ಬೇಕೆಂದೇ ಬರೆದ ಸುಳ್ಳೇ, ಅಜಾಗರೂಕತೆಯೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ತಪ್ಪು ಮತ್ತು ಅಪೂರ್ಣ ಮಾಹಿತಿ ನೀಡಿದ್ದಕ್ಕಾಗಿ ಆಯೋಗ 1994ರಲ್ಲಿ ಕಂಪೆನಿಗೆ 2 ಲಕ್ಷ ಡಾಲರ್ ದಂಡವನ್ನು ಪ್ರಸ್ತಾಪಿಸಿತು. 1995ರಲ್ಲಿ ಅಮೆರಿಕದ ಕಾರ್ಮಿಕ ಕಾರ್ಯದರ್ಶಿ ಮೋಸ್‌ಬಾ ಪರವಾಗಿ ತೀರ್ಪಿತ್ತರು.

ಆ ಟೇಪ್ ರೆಕಾರ್ಡರ್ ನನಗೂ ಕಿರಿಕಿರಿ ಉಂಟುಮಾಡುತ್ತದೆ. ಗೂಢಚರ್ಯೆಯನ್ನೂ ಇನ್ನೊಬ್ಬರ ಲೋಪಗಳನ್ನು ಕೆದಕುವುದನ್ನೂ ಇಸ್ಲಾಮ್ ನಿಷೇಧಿಸಿದೆ. ಸಹೋದರನ ಐಬನ್ನು ಮುಚ್ಚುವುದು ಪುಣ್ಯವೆಂದು ಚಿಕ್ಕಂದಿನಿಂದ ಮದ್ರಸಗಳಲ್ಲಿ ಕೇಳಿ ಬೆಳೆದಿದ್ದೇವೆ. ಈ ಉಪದೇಶ ನಮ್ಮ ಸಂಸ್ಥೆಗಳಲ್ಲಿ, ಜಮಾಅತ್‌ಗಳ ಲೆಕ್ಕಪತ್ರಗಳಲ್ಲಿ ಹೇಗೆ ಬಳಕೆಯಾಗುತ್ತಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಒಳಗಿನದ್ದನ್ನು ಹೊರಗೆ ಹಾಕಬೇಡಿ’ ಎಂದು ಬಾಯಿ ಮುಚ್ಚಿಸುವವರು ಮೊದಲು ಎತ್ತುವುದೇ ಆ ಹದೀಸನ್ನು.

ಆದರೆ ಐಬು ಎಂಬ ಶಬ್ದವನ್ನೇ ನೋಡಿ. ಅರಬಿಯಿಂದ ಹೊರಟು ಉರ್ದುವಿನ ದಾರಿಯಾಗಿ ಕನ್ನಡಕ್ಕೆ ಬಂದು, ದನದ ಜಾತ್ರೆಯಲ್ಲಿ ಎತ್ತಿನ ಊನಕ್ಕೂ ಮನುಷ್ಯನ ಕುಂದಿಗೂ ಒಂದೇ ಮಾತಾಗಿ ನಿಂತಿದೆ. ಶಾಸ್ತ್ರ ಇವೆರಡನ್ನು ಒಂದಾಗಿಸಿಲ್ಲ. ಮಾರುವ ಸರಕಿನ ಐಬನ್ನು ಮುಚ್ಚಿಡುವಂತಿಲ್ಲ. ಮುಚ್ಚಿಟ್ಟಿದ್ದರೆ ಸರಕನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎಂದು ಫಿಕ್ಹ್ ಹೇಳುತ್ತದೆ. ಪ್ರವಾದಿ(ಸ) ಪೇಟೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿ ನೋಡಿದ ಪ್ರಸಂಗ ಎಲ್ಲರಿಗೂ ಗೊತ್ತು. ಮೇಲೆ ಒಣಗಿದ್ದು, ಒಳಗೆ ಒದ್ದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ವಿವರಿಸಿದಾಗ ಅವರು ಮಳೆಯ ಬಗ್ಗೆ ತಕರಾರು ತೆಗೆಯಲಿಲ್ಲ. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಕೇಳಿದರು. ವೋಗ್ಟಲ್‌ನ ವಾಕ್ಯದಲ್ಲಿ 19 ಎಂಬುದು ಮೇಲಿನ ಒಣ ಧಾನ್ಯ. ಮೋಸ್‌ಬಾ ಕೈಹಾಕಿದ್ದು ಯಾರದೋ ಮನೆಯೊಳಗಿನ ಗುಟ್ಟಿಗಲ್ಲ, ಪೇಟೆಗೆ ಬಂದ ರಾಶಿಗೆ. ಟೇಪ್ ಸರಿಯೇ ಎಂಬ ಪ್ರಶ್ನೆ ಇದರಿಂದ ಪೂರ್ತಿ ತೀರುವುದಿಲ್ಲ, ನಿಜ. ಆದರೆ ಐಬು ಮುಚ್ಚುವ ಪುಣ್ಯವನ್ನು ಅವನೆದುರು ಹಿಡಿಯುವುದು ಸಲ್ಲದು.

ಅಮೆರಿಕದ ಕಾನೂನಿನಲ್ಲಿ ಈ ‘ಒದ್ದೆಯನ್ನು ಮೇಲಿಡು’ ಎಂಬ ತತ್ವಕ್ಕೆ ಒಂದು ರೂಪವಿದೆ. 1974ರ ಇಂಧನ ಪುನಾರಚನಾ ಕಾಯ್ದೆಯ 206ನೇ ಕಲಮಿನಿಂದ ಹುಟ್ಟಿದ ನಿಯಮ. ಅಣು ಉದ್ಯಮದವರು ಅದನ್ನು ‘ಭಾಗ 21’ ಎನ್ನುತ್ತಾರೆ. ಸ್ಥಾವರ ನಡೆಸುವವರಂತೆ ಬಿಡಿಭಾಗ ಮಾರಿದವರೂ ಅದಕ್ಕೆ ಬದ್ಧರು. ಡೀಸೆಲ್ ಜನರೇಟರಿನ ವೋಲ್ಟೇಜ್ ರೆಗ್ಯುಲೇಟರಿನಲ್ಲಿ ಒಂದು ಕಾರ್ಡು, ಒಂದು ರಿಲೇ, ಒಂದು ಕೆಪ್ಯಾಸಿಟರ್ ದೋಷಯುಕ್ತವೆಂದು ತಯಾರಕನಿಗೆ ಗೊತ್ತಾದರೆ 60 ದಿನಗಳಲ್ಲಿ ಪರಿಶೀಲನೆ ಮುಗಿಸಬೇಕು. ಸುರಕ್ಷತೆಗೆ ಗಂಭೀರ ಅಪಾಯವೆಂದು ಕಂಡರೆ ಹೊಣೆಯುಳ್ಳ ಅಧಿಕಾರಿಗೆ ಮಾಹಿತಿ ತಲಪಿದ ಎರಡು ದಿನಗಳೊಳಗೆ ಆಯೋಗಕ್ಕೆ ತಿಳಿಸಬೇಕು, 30 ದಿನಗಳೊಳಗೆ ಲಿಖಿತ ವರದಿ ಕೊಡಬೇಕು. ಪರಿಶೀಲಿಸುವ ಸಾಮರ್ಥ್ಯ ತನಗಿಲ್ಲದಿದ್ದರೆ ಕೊಂಡವರಿಗೆ ಐದು ಕೆಲಸದ ದಿನಗಳೊಳಗೆ ಹೇಳಿಬಿಡಬೇಕು.

ಓದುಗನಾಗಿ ನನಗೆ ಮೆಚ್ಚುಗೆಯಾಗುವುದು ಆ ವರದಿ ಏನೇನು ಕೇಳುತ್ತದೆ ಎಂಬುದು. ತಿಳಿಸುತ್ತಿರುವವನ ಹೆಸರು, ವಿಳಾಸ. ತಯಾರಿಸಿದ ಸಂಸ್ಥೆಯ ಹೆಸರು. ದೋಷ ಯಾವುದು, ಅದು ಗೊತ್ತಾದದ್ದು ಯಾವ ದಿನ. ಅಂಥ ಭಾಗಗಳು ಒಟ್ಟು ಎಷ್ಟು, ಎಲ್ಲೆಲ್ಲಿವೆ. ಸರಿಪಡಿಸುವ ಹೊಣೆ ಯಾರದು. ನಮ್ಮ ಸರಕಾರಿ ಪ್ರಕಟಣೆಗಳ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಕರ್ತೃವಿಲ್ಲದ ವಾಕ್ಯಕ್ಕೆ ಅಲ್ಲಿ ಜಾಗವಿಲ್ಲ. ವ್ಯಾಕರಣದ ಕರ್ತೃವನ್ನೇ ಕಾನೂನು ಕಡ್ಡಾಯ ಮಾಡಿದೆ ಎನ್ನಬಹುದು.

ಹಾಗೆಂದು ಅಮೆರಿಕವನ್ನು ಹೊಗಳಿ ಕೂರುವ ಅಗತ್ಯವಿಲ್ಲ. ದೋಷವೆಂದರೆ ‘ಗಂಭೀರ ಅಪಾಯ ಉಂಟುಮಾಡಬಲ್ಲದ್ದು’ ಎಂಬ ವ್ಯಾಖ್ಯೆಯಲ್ಲೇ ಒಂದು ಬಾಗಿಲಿದೆ. ಗಂಭೀರವೋ ಅಲ್ಲವೋ ಎಂದು ಮೊದಲು ತೀರ್ಮಾನಿಸುವವನು ವರದಿ ಕೊಡಬೇಕಾದವನೇ. 2011ರಲ್ಲಿ ಆಯೋಗದ್ದೇ ಇನ್‌ಸ್ಪೆಕ್ಟರ್ ಜನರಲ್ ನಡೆಸಿದ ತಪಾಸಣೆಯಲ್ಲಿ ಕಾಲುಭಾಗಕ್ಕೂ ಹೆಚ್ಚು ರಿಯಾಕ್ಟರುಗಳನ್ನು ನಡೆಸುವವರು, ಏನಾದರೂ ಘಟನೆಯೇ ಆದ ಹೊರತು, ಈ ನಿಯಮದಡಿ ದೋಷಗಳನ್ನು ತಿಳಿಸುವ ರೂಢಿ ಇಟ್ಟುಕೊಂಡಿಲ್ಲವೆಂದು ಕಂಡುಬಂತು.

ಘಟನೆಯಾಗುವವರೆಗೆ ಕಾಯುವುದೆಂದರೇನೆಂದು ಸ್ವೀಡನ್ನಿನವರನ್ನು ಕೇಳಬೇಕು. ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ 2006ರ ಜುಲೈ 25ರಂದು ಹೊರಗಿನ ಸ್ವಿಚ್‌ಯಾರ್ಡಿನ ಶಾರ್ಟ್ ಸರ್ಕ್ಯೂಟ್‌ನಿಂದ ವೋಲ್ಟೇಜ್ ಜಿಗಿದು ನಾಲ್ಕು ಯುಪಿಎಸ್ ವ್ಯವಸ್ಥೆಗಳಲ್ಲಿ ಎರಡು ಬಂದ್ ಆದವು. ನಾಲ್ಕೂ ಡೀಸೆಲ್‌ಗಳು ಎದ್ದವು. ಆದರೆ ಎರಡು ತಾವಾಗಿ ಜೋಡಣೆಯಾಗಲಿಲ್ಲ. ಕಾರಣ, ಅವುಗಳ ವೇಗವನ್ನು ಅಳೆಯುವ ಉಪಕರಣಕ್ಕೆ ಕರೆಂಟು ಬರುತ್ತಿದ್ದುದು ಬಂದ್ ಆದ ಯುಪಿಎಸ್‌ನಿಂದಲೇ. ಯಂತ್ರ ಓಡುತ್ತಿತ್ತು, ಓಡುತ್ತಿದೆ ಎಂದು ಹೇಳುವವರಿರಲಿಲ್ಲ. ಸುಮಾರು 20 ನಿಮಿಷಗಳ ನಂತರ ಆಪರೇಟರುಗಳು ಕೈಯಿಂದಲೇ ಜೋಡಿಸಿದರು.

ದಕ್ಷಿಣ ಕೊರಿಯಾದ ಕೋರಿ ಒಂದನೇ ಘಟಕದಲ್ಲಿ ಬರೆಯುವ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ. 2012ರ ಫೆಬ್ರವರಿ 9ರಂದು, ದುರಸ್ತಿಗಾಗಿ ನಿಲ್ಲಿಸಿದ್ದಾಗ, 12 ನಿಮಿಷ ಅಲ್ಲಿ ವಿದ್ಯುತ್ತೇ ಇರಲಿಲ್ಲ. ಡೀಸೆಲ್ ಏಳದಿರಲು ಕಾರಣ ಅದನ್ನು ಎಬ್ಬಿಸುವ ಗಾಳಿಯ ವ್ಯವಸ್ಥೆಯಲ್ಲಿದ್ದ ಒಂದು ಸೊಲೆನಾಯ್ಡ್ ವಾಲ್ವ್. ಸ್ಥಾವರದ ಮುಖ್ಯಸ್ಥರು ಮತ್ತು ಅಧಿಕಾರಿಗಳು ವಿಷಯವನ್ನು ಅಡಗಿಸಿಟ್ಟರು. ಬುಸಾನ್ ನಗರಸಭೆಯ ಸದಸ್ಯರೊಬ್ಬರ ಕಿವಿಗೆ ಹೋಟೆಲಿನಲ್ಲಿ ಪಕ್ಕದವರ ಮಾತು ಬೀಳದಿದ್ದರೆ ತಿಂಗಳ ನಂತರವಾದರೂ ಅದು ಹೊರಬರುತ್ತಿತ್ತೋ ಇಲ್ಲವೋ. ಅದೇ ವರ್ಷದ ನವೆಂಬರಿನಲ್ಲಿ ಫ್ಯೂಸು, ಸ್ವಿಚ್ಚು, ಫ್ಯಾನುಗಳಂಥ ಸಾವಿರಾರು ಬಿಡಿಭಾಗಗಳಿಗೆ ನಕಲಿ ಗುಣಮಟ್ಟದ ಪ್ರಮಾಣಪತ್ರ ಕೊಟ್ಟಿದ್ದು ಬೆಳಕಿಗೆ ಬಂದು ಎರಡು ರಿಯಾಕ್ಟರುಗಳನ್ನು ನಿಲ್ಲಿಸಬೇಕಾಯಿತು. ಈ ಎರಡರಲ್ಲಿ ಮೌನಕ್ಕಿಂತ ಪ್ರಮಾಣಪತ್ರವೇ ನನಗೆ ಹೆಚ್ಚು ಭಯಾನಕವೆನಿಸುತ್ತದೆ. ಖಾಲಿ ಪುಟವನ್ನು ಕಂಡವರಿಗೆ ಸಂಶಯವಾದರೂ ಬರುತ್ತದೆ.

ಇನ್ನು ನಮ್ಮ ನರೋರಾ. ಉತ್ತರ ಪ್ರದೇಶದ ಈ ಸ್ಥಾವರದ ರಿಯಾಕ್ಟರುಗಳೂ ನಮ್ಮ ಕೈಗಾದವೂ ಒಂದೇ ವಂಶದವು, ಭಾರಜಲದ 220 ಮೆಗಾವಾಟ್‌ನವು. 1993ರ ಮಾರ್ಚ್ 31ರ ನಸುಕಿನಲ್ಲಿ ಅಲ್ಲಿ ಟರ್ಬೈನಿನ ಎರಡು ಬ್ಲೇಡುಗಳು ಮುರಿದು, ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಬದಲಿ ವಿದ್ಯುತ್ತಿನ ಕೇಬಲುಗಳೂ ಬೆಂಕಿಯ ದಾರಿಯಲ್ಲೇ ಇದ್ದವು, ಸುಟ್ಟುಹೋದವು. 17 ಗಂಟೆ ಕತ್ತಲು. ಸಿಬ್ಬಂದಿ ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡ ಹತ್ತಿ ಬೋರಾನ್ ದ್ರಾವಣವನ್ನು ಕೈಯಾರೆ ಬಿಟ್ಟರು. ಬೆಂಕಿ ಆರಿಸಲೆಂದು ಇದ್ದ ಡೀಸೆಲ್ ಪಂಪುಗಳಿಂದ ನೀರು ಹಾಯಿಸಿ ತಂಪು ಉಳಿಸಿಕೊಂಡರು. ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ.

ಅಣುಶಕ್ತಿ ನಿಯಂತ್ರಣ ಮಂಡಳಿಗೆ ಆ ವರ್ಷ ಅಧ್ಯಕ್ಷರಾಗಿ ಬಂದ ಎ. ಗೋಪಾಲಕೃಷ್ಣನ್ ಮುಂದೆ ಬರೆದದ್ದನ್ನು ಓದಬೇಕು. ಆ ಬ್ಲೇಡುಗಳ ವಿನ್ಯಾಸದಲ್ಲಿ ಐಬಿದೆ, ಅದರಿಂದ ಬಿರುಕು ಬಿಡುತ್ತಿವೆ ಎಂದು ಅಮೆರಿಕದ ಜನರಲ್ ಎಲೆಕ್ಟ್ರಿಕ್ 1989ರಲ್ಲೇ ಬಿಎಚ್‌ಇಎಲ್‌ಗೆ ತಿಳಿಸಿತ್ತು. ಬಿಎಚ್‌ಇಎಲ್ ಅದನ್ನು ಅಣುವಿದ್ಯುತ್ ನಿಗಮಕ್ಕೆ ದಾಟಿಸಿತ್ತು. ಅಂದರೆ ಮಾರಿದವನು ಬಾಯಿಬಿಟ್ಟಿದ್ದ. ಆದರೆ ಎಷ್ಟು ಬ್ಲೇಡುಗಳು, ಯಾವ ಯಾವ ಸ್ಥಾವರದಲ್ಲಿ, ಬದಲಿಸುವ ಹೊಣೆ ಯಾರದು ಎಂದು ಎಲ್ಲರೆದುರು ಬರೆಯಲು ಹೇಳುವ ಭಾಗ 21ರಂಥದ್ದು ಇಲ್ಲಿರಲಿಲ್ಲ. ಆಗ ಜಾರಿಯಲ್ಲಿದ್ದುದು ಮಾಹಿತಿಯನ್ನು ತಡೆಹಿಡಿಯುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟ 1962ರ ಅಣುಶಕ್ತಿ ಕಾಯ್ದೆಯ 18ನೇ ಕಲಮು. ಎಚ್ಚರಿಕೆ ಕೈಸೇರಿ ಸುಮಾರು ನಾಲ್ಕು ವರ್ಷ ಕಳೆದಿತ್ತು. ಬ್ಲೇಡುಗಳ ವಿಷಯದಲ್ಲಿ ನಿಗಮ ಕ್ರಮಕ್ಕೆ ಮುಂದಾದದ್ದು ಬೆಂಕಿಯ ನಂತರ.