ಬಾಯಿಯ ಹುಣ್ಣೂ ಎಚ್ಚರಿಕೆಯ ಮಾತೂ

ನಮ್ಮ ನಾಡಿನಲ್ಲಿ ಅತ್ಯಂತ ಹೆಚ್ಚು ಜನರ ಕಣ್ಣಿಗೆ ಬೀಳುವ ಬರಹ ಯಾವುದೆಂದು ಯಾರಾದರೂ ಕೇಳಿದರೆ ನಾನು ಯಾವ ಮಹಾಕಾವ್ಯದ ಹೆಸರನ್ನೂ ಹೇಳಲಾರೆ. ಬೀಡಿಯ ಕಟ್ಟು, ಸಿಗರೇಟಿನ ಪೆಟ್ಟಿಗೆ, ಜಗಿಯುವ ತಂಬಾಕಿನ ಪೊಟ್ಟಣ ಇವುಗಳ ಮೇಲೆ ಅಚ್ಚಾಗುವ ಒಂದು ಚಿತ್ರ, ಎರಡು ಸಾಲು, ಅದನ್ನೇ ಹೇಳಬೇಕಾದೀತು. ಅಕ್ಷರ ಬಲ್ಲವರೂ ಬಾರದವರೂ ದಿನಕ್ಕೆ ಹತ್ತು ಸಲ ಕೈಯಲ್ಲಿ ಹಿಡಿಯುವ ಬರಹ ಅದು. ಚಿತ್ರಮಂದಿರಕ್ಕೆ ಹೋದರೆ ಕಥೆ ಮೊದಲಾಗುವ ಮುನ್ನ ಒಮ್ಮೆ, ನಡುವೆ ಮತ್ತೊಮ್ಮೆ ಅದೇ ಮಾತು. ಒಂದು ಭಾವಗೀತೆಯ ಅರ್ಧ ಸಾಲಿಗಾಗಿ ವಾದಕ್ಕೆ ನಿಲ್ಲುವ ನಾವು ವಿಮರ್ಶಕರು ಈ ಬರಹದ ಗುಣದೋಷಗಳಿಗೆ ಕೈಹಾಕುವುದಿಲ್ಲ. ಅದು ಸರಕಾರದ ಕೆಲಸ, ವೈದ್ಯರ ಕೆಲಸ ಎಂದು ಪಕ್ಕಕ್ಕೆ ಸರಿಯುತ್ತೇವೆ.

ನಾನೂ ಹಾಗೆಯೇ ಸರಿದವನು. ನಾಲ್ಕು ವರ್ಷಗಳ ಹಿಂದೆ ನನ್ನ ನಾಲಗೆಯ ಎಡ ಅಂಚಿನಲ್ಲಿ ಎದ್ದ ಒಂದು ಹುಣ್ಣು ನನ್ನನ್ನು ಈ ಬರಹದ ಓದುಗನನ್ನಾಗಿ ಮಾಡಿತು. ಸ್ವಂತ ವಿಷಯವನ್ನು ವಿಮರ್ಶೆಯಲ್ಲಿ ತರುವುದು ಸಭ್ಯವಲ್ಲವೆಂದು ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದವನು ನಾನು. ಇಂದು ಆ ನಿಯಮವನ್ನು ಮುರಿಯುತ್ತಿದ್ದೇನೆ, ಓದುಗರು ಮನ್ನಿಸಬೇಕು.

ಮೊದಲು ಒಂದು ಮಾತು. ಈ ಎಚ್ಚರಿಕೆಯ ಎದುರಾಳಿ ಬರಿಯ ಚಟವಲ್ಲ, ಒಂದು ದೊಡ್ಡ ಕಾವ್ಯಪರಂಪರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ತಾಂಬೂಲವನ್ನು ರಾಜಭೋಗಗಳ ಸಾಲಿನಲ್ಲಿ ಕೂರಿಸಿದ. ಅದಕ್ಕೆ ಹದಿಮೂರು ಗುಣಗಳುಂಟೆಂದು ಸುಭಾಷಿತಕಾರರು ಎಣಿಸಿದರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೆಣ್ಣುಮಗಳು ‘ಹದಿಬದೆಯ ಧರ್ಮ’ವನ್ನು ಬರೆದು, ಸಂಚಿಯ ಹೊನ್ನಮ್ಮ ಎಂದೇ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಉಳಿದಳು. ಯುದ್ಧಕ್ಕೆ ಕರೆಯುವುದಕ್ಕೆ ರಣವೀಳ್ಯ, ಮದುವೆ ಗೊತ್ತಾಗುವುದಕ್ಕೆ ತಾಂಬೂಲದ ಬದಲಾವಣೆ. ಬಂದ ನೆಂಟರಿಗೆ ಎಲೆಯಡಿಕೆ ತಟ್ಟೆ ನೀಡದ ಮನೆ ಮನೆಯೇ ಅಲ್ಲ. ಇದರ ಮೇಲೆ ಅಡಿಕೆಯು ನಮ್ಮ ಮಲೆನಾಡಿನ, ಕರಾವಳಿಯ ಅನ್ನ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದೇ. ಸಾವಿರ ವರ್ಷಗಳ ಈ ಮರ್ಯಾದೆಯ ಎದುರು ಪೊಟ್ಟಣದ ಎರಡು ಸಾಲು ನಿಲ್ಲಬೇಕು. ಆದುದರಿಂದ ಆ ಸಾಲುಗಳು ಹೇಗಿವೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಈಗ ಕೃತಿಯನ್ನು ನೋಡೋಣ. ಭಾರತದಲ್ಲಿ ಪೊಟ್ಟಣದ ಮೇಲೆ ಚಿತ್ರ ಬಂದದ್ದು 2009ರ ಮೇ 31ರಿಂದ. ಜಗಿಯುವ ತಂಬಾಕಿಗೆ ಆಗ ಆರಿಸಿದ ಚಿತ್ರ ಒಂದು ಚೇಳು. ಕ್ಯಾನ್ಸರ್ ಎಂಬ ಮಾತಿನ ಮೂಲಾರ್ಥ ಏಡಿ. ಏಡಿಗಂತಿ ಎಂಬ ಶಬ್ದ ನಮ್ಮಲ್ಲಿ ಹುಟ್ಟಿದ್ದೂ ಅದರಿಂದಲೇ. ಏಡಿ ಹೋಗಿ ಚೇಳು ಬಂದದ್ದು ಅಲಂಕಾರದ ದೃಷ್ಟಿಯಿಂದ ಸಲ್ಲಬಹುದು. ಆದರೆ ರೂಪಕವು ಕೆಲಸ ಮಾಡಬೇಕಾದರೆ ಉಪಮೇಯ ಯಾವುದೆಂದು ಓದುಗನಿಗೆ ತಿಳಿದಿರಬೇಕು. ಚೇಳು ಕುಟುಕಿದರೆ ಆ ಕ್ಷಣವೇ ಉರಿಯುತ್ತದೆ. ಈ ರೋಗವಾದರೋ ಮೊದಮೊದಲು ನೋಯುವುದೇ ಇಲ್ಲ. ಹೀಗೆ ಆ ರೂಪಕವು ಸುಳ್ಳನ್ನೇ ಕಲಿಸಿತು ಎನ್ನಬೇಕು.

2011ರ ಡಿಸೆಂಬರಿನಿಂದ ಚೇಳನ್ನು ಬಿಟ್ಟು ನಿಜವಾದ ಬಾಯಿಗಳ ಚಿತ್ರ ಬಂತು. 2016ರ ಏಪ್ರಿಲಿನಿಂದ ಅದು ಪೊಟ್ಟಣದ ನೂರರಲ್ಲಿ 85 ಭಾಗವನ್ನು ಆವರಿಸಿತು. 2022ರ ಡಿಸೆಂಬರಿನಲ್ಲಿ ಚಿತ್ರದ ಜೊತೆಗೆ ಯಾತನೆಯ ಸಾವಿನ ಮಾತೂ ಸೇರಿತು. ಚಿತ್ರಮಂದಿರದಲ್ಲಿ 2012ರ ಅಕ್ಟೋಬರಿನಿಂದ ಕಡ್ಡಾಯವಾದ ತುಣುಕುಗಳಲ್ಲಿ ಒಂದು ಎಲ್ಲರಿಗೂ ನೆನಪಿರಬಹುದು: ಆಸ್ಪತ್ರೆಯ ಹಾಸಿಗೆ, ಇಪ್ಪತ್ತನಾಲ್ಕರ ತರುಣ, ತಾನು ಗುಟ್ಕಾ ತಿಂದದ್ದು ಒಂದೇ ವರ್ಷವೆಂಬ ಅವನ ಮಾತು, ಕೊನೆಗೆ ಅವನು ತೀರಿಕೊಂಡನೆಂಬ ವಾರ್ತೆ.

ರಸದೃಷ್ಟಿಯಿಂದ ಇವೆಲ್ಲ ಭಯಾನಕ ಮತ್ತು ಬೀಭತ್ಸ. ಆ ತರುಣನ ತುಣುಕಿನಲ್ಲಿ ಕರುಣವೂ ಇದೆ. ಬೀಭತ್ಸದ ಸ್ಥಾಯಿಭಾವ ಜುಗುಪ್ಸೆ. ಜುಗುಪ್ಸೆ ಹುಟ್ಟಿದವನು ಏನು ಮಾಡುತ್ತಾನೆ? ಮುಖ ತಿರುಗಿಸುತ್ತಾನೆ, ಕಣ್ಣು ಮುಚ್ಚುತ್ತಾನೆ, ಬಾಯಿ ಬಿಗಿಹಿಡಿಯುತ್ತಾನೆ. ನಾಟ್ಯಶಾಸ್ತ್ರ ಓದಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಈ ಬರಹದಿಂದ ಆಗಬೇಕಾದ ಕಾರ್ಯ ಇದಕ್ಕೆ ತೀರ ವಿರುದ್ಧವಾದದ್ದು! ಓದುಗನು ಕನ್ನಡಿಯ ಮುಂದೆ ನಿಂತು, ದೀಪ ಹಿಡಿದು, ಬಾಯಿ ತೆರೆದು ಒಳಗೆ ನೋಡಿಕೊಳ್ಳಬೇಕು. ತೆರೆಯಬೇಕಾದ ಬಾಯನ್ನು ಮುಚ್ಚಿಸುವ ರಸವನ್ನು ನಾವು ಆರಿಸಿಕೊಂಡಿದ್ದೇವೆ.

ಇದು ಪಾಂಡಿತ್ಯದ ಕುಶಾಲು ಎಂದು ಯಾರೂ ಭಾವಿಸಬಾರದು. ಉತ್ತರಪತ್ರಿಕೆಗಳನ್ನು ತಿದ್ದುವಾಗ ಎಲೆಯಡಿಕೆಗೆ ಚಿಟಿಕೆ ಕಡ್ಡಿಪುಡಿ ಸೇರಿಸಿಕೊಳ್ಳುವ ಅಭ್ಯಾಸ ನನಗೆ ಇಪ್ಪತ್ತು ವರ್ಷಗಳಿಂದ ಇತ್ತು. ನಾಲಗೆಯ ಅಂಚಿನಲ್ಲಿ ಮೊದಲು ಕಂಡದ್ದು ಹೆಸರುಕಾಳಿನಷ್ಟು ಬಿಳಿಯ ಮಚ್ಚೆ. ಪೊಟ್ಟಣದ ಮೇಲಿನ ಚಿತ್ರವನ್ನು ನೋಡಿದೆ. ಅಲ್ಲಿ ಕೆನ್ನೆಯೇ ತೂತಾಗಿತ್ತು. ನನ್ನದು ಹಾಗಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಎಚ್ಚರಿಕೆಗೆಂದು ಅಚ್ಚಾದ ಚಿತ್ರ ನನಗೆ ಅಭಯಪತ್ರವಾಯಿತು. ಆ ಸಮಾಧಾನದಲ್ಲಿ ಐದು ತಿಂಗಳು ಕಳೆದವು. ಮಚ್ಚೆ ಹುಣ್ಣಾಯಿತು. ಕೊನೆಗೆ ಹಲ್ಲುನೋವಿಗೆಂದು ಹೋದಾಗ ಹಲ್ಲಿನ ವೈದ್ಯರೇ ಅದನ್ನು ಕಂಡು ಹಿಡಿದರು. ಐದು ತಿಂಗಳು ಮೊದಲೇ ಬಂದಿದ್ದರೆ ಕತ್ತರಿಸುವ ಭಾಗ ಎಷ್ಟೋ ಚಿಕ್ಕದಾಗುತ್ತಿತ್ತೆಂದು ಶಸ್ತ್ರವೈದ್ಯರು ಹೇಳಿದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಪಕ್ಕ ಕುಳಿತಿದ್ದ ವಯಸ್ಸಾದ ರೈತರೊಬ್ಬರು, “ಏನ್ ಮೇಷ್ಟ್ರೇ, ನಿಮ್ದೂ ಬಾಯೇನಾ?” ಎಂದು ಕೇಳಿದರು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಪಾಕೀಟಿನ ಮೇಲಿರೋದು ಬೇರೆ ಯಾರ್ದೋ ಬಾಯಿ ಅಂದ್ಕೊಂಡಿದ್ದೆ ಸ್ವಾಮಿ” ಎಂದರು. ಈ ಸಾಹಿತ್ಯದ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಬರೆಯಲಾರೆ.

ಎರಡನೆಯ ದೋಷ ಶಬ್ದದ್ದು. ಸರಕಾರಿ ಕನ್ನಡದಲ್ಲಿ ‘ಹೊಗೆರಹಿತ ತಂಬಾಕು’ ಎಂಬ ಪದವಿದೆ. ಯಾವ ಅಂಗಡಿಯಲ್ಲಿ ಯಾರು ಇದನ್ನು ಹೇಳಿ ಕೊಂಡಾರು? ಜನರ ಬಾಯಲ್ಲಿರುವುದು ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ, ಕವಳ. ತನ್ನ ಸಂಚಿಯಲ್ಲಿರುವ ವಸ್ತುವಿನ ಹೆಸರನ್ನು ಹೇಳದ ಎಚ್ಚರಿಕೆ ತನಗಲ್ಲವೆಂದು ಓದುಗ ತಿಳಿದರೆ ತಪ್ಪು ಅವನದಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ ಸೇದುವವರು ನೂರಕ್ಕೆ 10.7, ಜಗಿಯುವುದೇ ಮೊದಲಾಗಿ ಹೊಗೆಯಿಲ್ಲದೆ ಬಳಸುವವರು 21.4. ಅಡಿಕೆಯ ವಿಷಯವಂತೂ ಇನ್ನೂ ಸೂಕ್ಷ್ಮ. ತಂಬಾಕು ಸೇರಿಸದಿದ್ದರೂ ಅಡಿಕೆ ತಾನೇ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿಯೇ ನಿರ್ಣಯಿಸಿತು. ದಿನವೂ ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ, ಮೂರು ಬೆರಳು ಹಿಡಿಯುತ್ತಿದ್ದ ಬಾಯಿ ಒಂದು ಬೆರಳಿಗೆ ಇಳಿಯುವುದುಂಟು. ಅಡಿಕೆ ಬೆಳೆಯುವವರ ಕಷ್ಟವನ್ನು ನಾನು ಬಲ್ಲೆ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರ ಶುಲ್ಕ ಬರುವುದು ತೋಟದಿಂದಲೇ. ಆದರೆ ಬೆಳೆಯ ಮೇಲಿನ ಪ್ರೀತಿಗಾಗಿ ಮಾತನ್ನು ಮುಚ್ಚಿಡುವುದು ಆ ಮಕ್ಕಳಿಗೂ ಹಿತವಲ್ಲ.

ಮೂರನೆಯದೇ ದೊಡ್ಡ ದೋಷ. ಈ ಸಾಹಿತ್ಯಕ್ಕೆ ಉತ್ತರಾರ್ಧವಿಲ್ಲ. ಅದು ಸಾವಿನಲ್ಲಿ ಮುಗಿಯುತ್ತದೆ. ಆದರೆ ನಾನು ಇದನ್ನು ಬರೆಯುತ್ತಿದ್ದೇನೆ. ಬದುಕಿ ಬಂದವರಿಗೆ ಈ ಕಥೆಯಲ್ಲಿ ಪಾತ್ರವೇ ಇಲ್ಲ. ರೋಗವೆಂದರೆ ಮರಣವೇ ಎಂದು ನಂಬಿದವನು ಪರೀಕ್ಷೆಗೆ ಏಕೆ ಹೋದಾನು? ಸಾಯುವ ವಾರ್ತೆಯನ್ನು ಸಾಲಿನಲ್ಲಿ ನಿಂತು ಪಡೆಯುವ ಅವಸರ ಯಾರಿಗೆ?

ಬದುಕಿದ ಮೇಲಿನ ಬದುಕು ಸುಲಭವೆಂದು ನಾನು ಹೇಳುತ್ತಿಲ್ಲ. ನಾಲಗೆಯ ಒಂದು ಭಾಗವನ್ನು ತೆಗೆದು, ಮುಂಗೈಯ ಚರ್ಮಮಾಂಸವನ್ನು ಅಲ್ಲಿ ಹೊಲಿದರು. ಆರು ವಾರ ವಿಕಿರಣ. ಅದರಿಂದ ಜೊಲ್ಲಿನ ಗ್ರಂಥಿಗಳು ಬತ್ತಿದವು. ಈಗ ನೀರಿನ ಬಾಟಲಿಯಿಲ್ಲದೆ ನಾನು ಪಾಠಕ್ಕೆ ಹೋಗುವುದಿಲ್ಲ. ದವಡೆ ಬಿಗಿಯದಂತೆ ದಿನವೂ ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು. ಕಾರ ಸೇರುವುದಿಲ್ಲ, ಒಣರೊಟ್ಟಿ ಆಗುವುದಿಲ್ಲ. ಮುದ್ದೆಯ ಸೀಮೆಯವನಾದದ್ದು ಒಂದು ಪುಣ್ಯ. ಅಗಿಯದೆ ನುಂಗುವ ವಿದ್ಯೆ ಬಾಲ್ಯದಿಂದ ಬಂದದ್ದು. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುವ ಹಿಂದಿನ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ನಿದ್ರಿಸುತ್ತಿರಲಿಲ್ಲ. ನೆಂಟರಿಷ್ಟರು ರೋಗದ ಹೆಸರನ್ನೇ ಎತ್ತುವುದಿಲ್ಲ; ‘ಆ ಕಾಯಿಲೆ’ ಎನ್ನುತ್ತಾರೆ.

ಕನ್ನಡದ ಅಧ್ಯಾಪಕನಿಗೆ ಇವೆಲ್ಲಕ್ಕಿಂತ ಹೆಚ್ಚಿನ ಪರೀಕ್ಷೆ ಮೂರ್ಧನ್ಯಾಕ್ಷರಗಳದು. ಟ, ಡ, ಣ, ಳ ಇವುಗಳಿಗೆ ನಾಲಗೆಯ ತುದಿ ಹಿಂದಕ್ಕೆ ಮಡಿಚಬೇಕು. ನನ್ನದು ಮಡಿಚದು. ಮರಳಿ ತರಗತಿಗೆ ಹೋದ ಮೊದಲ ದಿನ ಹಳ್ಳಿಯು ಹಲ್ಲಿಯಾಯಿತು, ಬೆಳೆಯು ಬೆಲೆಯಾಯಿತು, ಹಳಗನ್ನಡವು ಹಲಗನ್ನಡವಾಯಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮುಂದಿನ ಬೆಂಚಿನವರು ತಲೆ ತಗ್ಗಿಸಿದರು. ಆಗ ನಾನು ಪುಸ್ತಕ ಮುಚ್ಚಿ ಅವರಿಗೆ ೞಕಾರದ ಕಥೆ ಹೇಳಿದೆ. ನಮ್ಮ ಹಿರಿಯರು ‘ಪೞಗನ್ನಡ’ ಎನ್ನುತ್ತಿದ್ದರು. ನಾಲಗೆಗೆ ಆ ಅಕ್ಷರ ತಪ್ಪತೊಡಗಿದ್ದರಿಂದಲೇ ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅದುಳ್ಳ ಶಬ್ದಗಳನ್ನು ಪಟ್ಟಿ ಮಾಡಿ ಕೊಟ್ಟ. ಆ ಅಕ್ಷರ ಹೋಯಿತು, ಕನ್ನಡ ಉಳಿಯಿತು. ನನ್ನಲ್ಲಿ ಇನ್ನೊಂದು ಹೋಗಿದೆ, ಅಷ್ಟೆ. ಅಂದಿನಿಂದ ನಾನು ತಪ್ಪಿದ ಳಕಾರವನ್ನು ವಿದ್ಯಾರ್ಥಿಗಳೇ ಮನಸ್ಸಿನಲ್ಲಿ ತಿದ್ದಿಕೊಳ್ಳುತ್ತಾರೆ. ವಾಕ್ ಚಿಕಿತ್ಸಕರ ಶಿಕ್ಷಣದಿಂದ ಅರ್ಧದಷ್ಟು ಸರಿಹೋಗಿದೆ.

ಈ ಉತ್ತರಾರ್ಧವನ್ನು ಬಾಳಿದವರು ಹಿಂದೆಯೂ ಇದ್ದರು. ಮನಶ್ಶಾಸ್ತ್ರಜ್ಞ ಫ್ರಾಯ್ಡನಿಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಕಂಡಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳನ್ನು ಸಹಿಸಿ, ಅಂಗುಳಿಗೆ ಕೃತಕ ತಡೆಯನ್ನು ಇಟ್ಟುಕೊಂಡು, 1939ರವರೆಗೆ ಹದಿನಾರು ವರ್ಷ ಬದುಕಿದ. ಪ್ರಸಿದ್ಧ ಗ್ರಂಥಗಳನ್ನೂ ಬರೆದ. ಚುಟ್ಟವನ್ನು ಮಾತ್ರ ಬಿಡಲಾರದೆ ಹೋದ. ಈ ಒಂದು ವಿಷಯದಲ್ಲಿ ಅವನು ನಮಗೆ ಮಾದರಿಯಲ್ಲ. ನಮ್ಮ ನೆರೆಯ ಮಹಾರಾಷ್ಟ್ರದ ಶರದ್ ಪವಾರರು 2004ರಲ್ಲಿ ಇದೇ ರೋಗಕ್ಕೆ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಜಗಿಯುವ ಚಟದ ಬಗ್ಗೆ ತಮಗಿರುವ ಪಶ್ಚಾತ್ತಾಪವನ್ನು ಸಭೆಗಳಲ್ಲಿ ಹೇಳಿಕೊಂಡರು. ಅವರ ರಾಜಕೀಯವನ್ನು ಒಪ್ಪಲಿ ಬಿಡಲಿ, ಆ ಮಾತಿನ ತೂಕ ಸತ್ತವನ ಚಿತ್ರಕ್ಕೆ ಬರುವುದಿಲ್ಲ.

ಅಂಜಿಕೆಯಿಂದ ಪ್ರಯೋಜನವೇ ಇಲ್ಲವೆ ಎಂದು ಕೇಳಬಹುದು. ಇದೆ, ಅನ್ಯಾಯವಾಗಿ ಮಾತನಾಡಬಾರದು. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ ಹೊಗೆಯಿಲ್ಲದ ತಂಬಾಕಿನವರಲ್ಲಿ ನೂರಕ್ಕೆ 46 ಮಂದಿ ಪೊಟ್ಟಣದ ಎಚ್ಚರಿಕೆಯಿಂದ ಚಟ ಬಿಡುವ ಯೋಚನೆ ಬಂತೆಂದಿದ್ದಾರೆ. ಹೊಸಬನನ್ನು ಬಾಗಿಲಲ್ಲೇ ತಡೆಯಲು ಭಯ ಸಾಕಾಗಬಹುದು. ಆದರೆ ಒಳಗೆ ಬಂದು ಇಪ್ಪತ್ತು ವರ್ಷವಾದವನಿಗೆ ಬೇರೆಯ ಮಾತು ಬೇಕು. ಮಮ್ಮಟನು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿದ: ಪ್ರಭುವಿನಂತೆ ಆಜ್ಞಾಪಿಸುವುದು, ಮಿತ್ರನಂತೆ ತಿಳಿಹೇಳುವುದು, ಕಾಂತೆಯಂತೆ ಒಲಿಸುವುದು. ನಮ್ಮ ಎಚ್ಚರಿಕೆಯೆಲ್ಲ ಪ್ರಭುಸಂಮಿತ. ಮಿತ್ರಸಂಮಿತದ ಫಲವನ್ನು ಕೇರಳದಲ್ಲಿ ಕಂಡಿದ್ದಾರೆ. 1996ರಿಂದ ತಿರುವನಂತಪುರದ ಸುತ್ತ, ವೈದ್ಯರಲ್ಲದ ಪದವೀಧರರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದರು. ಅವರು ಮಾಡಿದ್ದು ಜನರ ಬಾಯನ್ನು ಬೆಳಕಿನಲ್ಲಿ ನೋಡಿದ್ದು, ಅನುಮಾನ ಬಂದವರನ್ನು ವೈದ್ಯರಲ್ಲಿಗೆ ಕಳುಹಿಸಿದ್ದು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಂಬಾಕು, ಮದ್ಯದ ಅಭ್ಯಾಸವಿದ್ದವರಲ್ಲಿ ಈ ರೋಗದ ಸಾವು ಸುಮಾರು ಮೂರರಲ್ಲೊಂದು ಪಾಲು ಇಳಿಯಿತು.

2022ರಲ್ಲಿ ಭಾರತದಲ್ಲಿ ಹೊಸದಾಗಿ ಈ ರೋಗ ಕಂಡವರು ಸುಮಾರು 1 ಲಕ್ಷ 40 ಸಾವಿರ. ಜಗತ್ತಿನ ಲೆಕ್ಕದಲ್ಲಿ ಮೂರನೆಯ ಒಂದು ಪಾಲಿಗೂ ಮಿಗಿಲು. ಇವರಿಗಾಗಿ ಬರೆಯುವ ಎರಡು ಸಾಲಿನಲ್ಲಿ ನಾನು ಬಯಸುವುದು ಇಷ್ಟೆ: ಕಡ್ಡಿಪುಡಿಯನ್ನು ಕಡ್ಡಿಪುಡಿ ಎನ್ನಲಿ. ತೂತಾದ ಕೆನ್ನೆಯ ಪಕ್ಕದಲ್ಲಿ ಹೆಸರುಕಾಳಿನಷ್ಟು ಬಿಳಿಯ ಅಥವಾ ಕೆಂಪು ಮಚ್ಚೆಯನ್ನೂ ತೋರಿಸಲಿ. ಎರಡು ಮೂರು ವಾರಕ್ಕೂ ಮಾಯದ ಹುಣ್ಣನ್ನು ಹಲ್ಲಿನ ವೈದ್ಯರಿಗೆ ತೋರಿಸಿ, ಬೇಗ ಬಂದವರು ಬದುಕುತ್ತಾರೆ ಎಂದು ಹೇಳಲಿ. ಬದುಕಿದವನೊಬ್ಬನ ಮುಖವನ್ನೂ, ಹೊಲಿಗೆಯ ಗುರುತಿನ ಸಹಿತ, ಅಚ್ಚು ಹಾಕಲಿ. ಯಾರೂ ಸಿಗದಿದ್ದರೆ ನನ್ನದು ಇದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟೋ ಸಲ ವಿವರಿಸಿದ್ದೇನೆ. ಊಟ, ಮಾತು ಎರಡೂ ಒಂದೇ ಬಾಯಿಯವೆಂಬುದನ್ನು ಆಗ ಯೋಚಿಸಿರಲಿಲ್ಲ. ಈ ಪುರವಣಿಯನ್ನು ಮಡಿಸಿಟ್ಟ ಮೇಲೆ, ಎಲೆಯಡಿಕೆಯ ತಟ್ಟೆಗೆ ಕೈಹಾಕುವ ಮೊದಲು, ಓದುಗರು ಒಮ್ಮೆ ಕನ್ನಡಿಯ ಮುಂದೆ ಹೋಗಿ ಬಾಯಿ ತೆರೆದು ನೋಡಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ.