ಪಾದ್ರಿ ಬದಲಾದಾಗ ಉಳಿಯುವುದೇನು?

ಕನ್ನಡದಲ್ಲಿ ಪಾದ್ರಿ, ಮಲಯಾಳದಲ್ಲಿ ಪಾದಿರಿ. ಪೋರ್ಚುಗೀಸರಿಂದ ಬಂದ ಈ ಶಬ್ದ ಎರಡೂ ಭಾಷೆಗಳಲ್ಲಿ ನೆಲೆಯೂರಿದೆ. ಆದರೆ ಒಂದು ಸಭೆಯಲ್ಲಿ ಒಬ್ಬ ಪಾದ್ರಿಯ ನಂತರ ಇನ್ನೊಬ್ಬ ಬರುವುದನ್ನೇ ವಸ್ತುವಾಗಿಸಿಕೊಂಡ ಕಾದಂಬರಿಯನ್ನು ಈ ಎರಡು ಭಾಷೆಗಳಲ್ಲೂ ನಾನು ಓದಿಲ್ಲ. ಅಂಥದೊಂದು ಸಿಕ್ಕಿದ್ದು ಸ್ವೀಡಿಷ್ ಭಾಷೆಯಿಂದ, ಇಂಗ್ಲಿಷಿನ ಮೂಲಕ. ಬೋ ಯೆರ್ಟ್ಸ್ ಅವರ ‘ಸ್ಟೇನ್‌ಗ್ರುಂಡೆನ್’ ಪ್ರಕಟವಾದುದು 1941ರಲ್ಲಿ. ಇಂಗ್ಲಿಷಿನಲ್ಲಿ ಅದು ‘ದಿ ಹ್ಯಾಮರ್ ಆಫ್ ಗಾಡ್’ ಆಗಿ 1960ರಲ್ಲಿ ಬಂತು. ಅದರಲ್ಲಿ ಬಿಟ್ಟುಹೋಗಿದ್ದ ಕೊನೆಯ ಅಧ್ಯಾಯ 2005ರ ಆವೃತ್ತಿಯಲ್ಲಿ ಸೇರಿತು.

ಯೆರ್ಟ್ಸ್ (1905–1998) ನಾಸ್ತಿಕ ಮನೆತನದಲ್ಲಿ ಬೆಳೆದವರು, ಲೂಥರನ್ ಪಾದ್ರಿಯಾದವರು. ಹಳ್ಳಿಯೊಂದರ ಸಭೆಯನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಈ ಕೃತಿಯನ್ನು ಬರೆದರು. ಮುಂದೆ 1949ರಿಂದ 1970ರವರೆಗೆ ಗೋಥೆನ್‌ಬರ್ಗ್‌ನ ಬಿಷಪ್ ಆಗಿದ್ದರು. ಕೃತಿಯ ಹೆಸರಿನ ಅರ್ಥ ಕಲ್ಲುನೆಲ. ಏನೂ ಬೆಳೆಯದ ಮನುಷ್ಯನ ಎದೆಯೂ ಕಲ್ಲುನೆಲವೇ, ಕಟ್ಟಡ ನಿಲ್ಲುವ ಅಡಿಗಲ್ಲೂ ಕಲ್ಲುನೆಲವೇ. ಈ ಎರಡು ಅರ್ಥಗಳ ನಡುವಿನ ದಾರಿಯೇ ಕಾದಂಬರಿ.

ಇಲ್ಲಿರುವುದು ಮೂರು ನೀಳ್ಗತೆಗಳು, ಒಂದೇ ಹಳ್ಳಿಗಾಡು, ಮೂವರು ಎಳೆಯ ಪಾದ್ರಿಗಳು. ಸಾವೋನಿಯುಸ್ 19ನೆಯ ಶತಮಾನದ ಆರಂಭದವನು, ಫ್ರೀಡ್‌ಫೆಲ್ಟ್ ಅದೇ ಶತಮಾನದ ಉತ್ತರಾರ್ಧದವನು, ತೊರ್ವಿಕ್ ಎರಡನೆಯ ಮಹಾಯುದ್ಧದ ಹೊತ್ತಿನವನು. ಮೂವರೂ ತಮ್ಮ ತಮ್ಮ ಕಾಲದ ಹೊಸ ವಿಚಾರಗಳನ್ನು ಹೊತ್ತು ಬರುತ್ತಾರೆ. ಸಭೆಯನ್ನು ತಿದ್ದಲು ಬಂದವರು ತಾವೇ ತಿದ್ದಿಸಿಕೊಳ್ಳುತ್ತಾರೆ.

ಮೊದಲ ಕಥೆಯ ಆರಂಭವೇ ಕೃತಿಯ ಶಿಖರವೆಂದು ನನ್ನ ಅಭಿಪ್ರಾಯ. ಪಂಡಿತರ ಔತಣದಲ್ಲಿ ಕುಳಿತಿದ್ದ ಸಾವೋನಿಯುಸ್‌ಗೆ ಸಾಯುತ್ತಿರುವ ಬಡ ರೈತ ಯೊಹಾನ್ನೆಸನಿಂದ ಕರೆ ಬರುತ್ತದೆ. ರಾತ್ರಿಯೆಲ್ಲ ಪ್ರಯಾಣಮಾಡಿ ಹೋದವನ ಬಾಯಲ್ಲಿ, ಪಾಪಭಯದಿಂದ ನರಳುವ ಆ ಮನುಷ್ಯನಿಗೆ ಹೇಳಲು ಒಂದು ಮಾತೂ ಇಲ್ಲ. ಕಡೆಗೆ ನೆರೆಯ ಹೆಂಗಸು ಕತ್ರೀನಾ ಬಂದು ಬೈಬಲಿನ ಮಾತುಗಳನ್ನು ಒಂದೊಂದಾಗಿ ನೆನಪಿಸಿ ಅವನನ್ನು ಸಮಾಧಾನಕ್ಕೆ ತರುತ್ತಾಳೆ. ಆಮೇಲೆ ಪ್ರಭುಭೋಜನ ಕೊಡುವವನು ಆ ಸೋತ ಪಾದ್ರಿಯೇ. ಅದು ಅವಳ ಕೆಲಸವಲ್ಲ, ಅವನದು.

ಲೂಥರನ್ ಸಭೆಯ ರಚನೆ ತಿಳಿಯದಿದ್ದರೆ ಈ ಸನ್ನಿವೇಶದ ಸೂಕ್ಷ್ಮ ತಪ್ಪಿಹೋದೀತು. 1530ರ ಆಗ್ಸ್‌ಬರ್ಗ್ ನಂಬಿಕೆಯ ಪ್ರಕಟಣೆಯ 14ನೆಯ ವಿಧಿಯ ಪ್ರಕಾರ ಕ್ರಮವಾಗಿ ಕರೆ ಪಡೆಯದವನು ಸಭೆಯಲ್ಲಿ ಬೋಧಿಸಕೂಡದು. 8ನೆಯ ವಿಧಿ ಹೇಳುವುದು ಬೇರೆ: ಕೊಡುವವನು ಅಯೋಗ್ಯನಾದ ಮಾತ್ರಕ್ಕೆ ಸಂಸ್ಕಾರ ಕೆಡುವುದಿಲ್ಲ. ಹುದ್ದೆಗೆ ಗೌರವವಿದೆ, ಆದರೆ ಎಲ್ಲವೂ ಹುದ್ದೆಯಲ್ಲಿ ಕೂತ ವ್ಯಕ್ತಿಯ ಮೇಲೆ ನಿಂತಿಲ್ಲ. ಆದ್ದರಿಂದಲೇ ಪಾದ್ರಿ ಬದಲಾದರೂ ಸಭೆ ಬಾಳಬಲ್ಲದು. ಯೆರ್ಟ್ಸ್ ಈ ತತ್ತ್ವವನ್ನು ಉಪದೇಶಿಸುವುದಿಲ್ಲ, ಗುಡಿಸಲೊಳಗೆ ನಡೆಸಿ ತೋರಿಸುತ್ತಾರೆ.

ಎರಡನೆಯ ಕಥೆಯಲ್ಲಿ ಹಳಬ ಮತ್ತು ಹೊಸಬ ಮುಖಾಮುಖಿಯಾಗುತ್ತಾರೆ. ತಾನು ಯೇಸುವಿಗೆ ಹೃದಯ ಕೊಟ್ಟವನೆಂದು ಎಳೆಯ ಸಹಾಯಕ ಹೆಮ್ಮೆಯಿಂದ ಹೇಳುತ್ತಾನೆ. ಅದೇನು ಕೊಡುವಂಥ ವಸ್ತುವೇ, ಕಸದ ರಾಶಿಯ ತುಕ್ಕು ಡಬ್ಬಿಯಲ್ಲವೇ, ದಾರಿಹೋಕನಾದ ಪ್ರಭು ಅದನ್ನು ಎತ್ತಿಕೊಂಡದ್ದೇ ದೊಡ್ಡದು ಎಂಬ ಅರ್ಥದಲ್ಲಿ ವೃದ್ಧ ಪಾದ್ರಿ ಉತ್ತರಿಸುತ್ತಾನೆ. ಹೊಸಬನನ್ನು ಹೀಯಾಳಿಸದೆ ಅವನ ಅಹಂಕಾರವನ್ನಷ್ಟೇ ತೆಗೆಯುವ ಈ ಮಾತಿನಲ್ಲಿ ಅಧಿಕಾರದ ಹಸ್ತಾಂತರವಿಲ್ಲ, ಅನುಭವದ ಹಸ್ತಾಂತರವಿದೆ.

ಇಷ್ಟು ಮೆಚ್ಚಿದ ಮೇಲೂ ನನ್ನದೊಂದು ತಕರಾರಿದೆ. ಬರೆದವರು ಪಾದ್ರಿ, ಕಣ್ಣೂ ಪಾದ್ರಿಯದೇ. ಕತ್ರೀನಾ ಬರುತ್ತಾಳೆ, ಪಾದ್ರಿಯ ಕಣ್ಣು ತೆರೆಸುತ್ತಾಳೆ, ಹಿಂದೆ ಸರಿಯುತ್ತಾಳೆ. ಆ ಮಾತುಗಳನ್ನು ಅವಳು ಎಲ್ಲಿ ಕಲಿತಳು? ಕಥೆಕಥೆಗಳ ನಡುವೆ ಕಳೆದುಹೋದ ದಶಕಗಳಲ್ಲಿ ಎಷ್ಟು ಮಂದಿ ಪಾದ್ರಿಗಳು ಹೋದರು, ಬಂದರು, ಬೆಂಚಿನಲ್ಲಿ ಕುಳಿತವರು ಅದನ್ನು ಹೇಗೆ ತಾಳಿಕೊಂಡರು? ಸಭೆಯ ಒಳಗಿನಿಂದ ಬರೆದ ನಾಲ್ಕನೆಯ ಕಥೆಯೊಂದು ಇಲ್ಲಿ ಬೇಕಿತ್ತು.

ಕಾದಂಬರಿ ಬಿಟ್ಟ ಜಾಗವನ್ನು ಚರಿತ್ರೆ ತುಸು ತುಂಬಿಕೊಡುತ್ತದೆ. ಸ್ವೀಡನ್ನಿನ 1686ರ ಸಭಾ ಕಾನೂನಿನಂತೆ ಪಾದ್ರಿ ಮನೆಮನೆಯವರನ್ನು ಪರೀಕ್ಷಿಸಬೇಕಿತ್ತು. ಗಂಡಸು, ಹೆಂಗಸು, ಆಳುಮಗ ಎನ್ನದೆ ಎಲ್ಲರೂ ಓದಿ ತೋರಿಸಬೇಕು, ಲೂಥರನ 1529ರ ಚಿಕ್ಕ ಪ್ರಶ್ನೋತ್ತರವನ್ನು ಒಪ್ಪಿಸಬೇಕು. ಯಾರಿಗೆ ಎಷ್ಟು ಬರುತ್ತದೆಂದು ಸಭೆಯ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಊರೂರಿಗೂ ಶಾಲೆ ಬೇಕೆಂಬ ಕಾನೂನು ಬಂದದ್ದು 1842ರಲ್ಲಿ. ಓದು ಅದಕ್ಕಿಂತ ಎಷ್ಟೋ ಮೊದಲು, ಹೆಚ್ಚಾಗಿ ತಾಯಂದಿರ ಮೂಲಕ, ಮನೆಯೊಳಗೆ ಬಂದಿತ್ತು. ಆ ಪರೀಕ್ಷೆಯಲ್ಲಿ ದಬ್ಬಾಳಿಕೆ ಇರಲಿಲ್ಲವೆಂದಲ್ಲ. ಆದರೆ ಕತ್ರೀನಾಳಂಥವರು ಆಕಾಶದಿಂದ ಇಳಿದವರಲ್ಲ. ಹೆಸರು ಮರೆತುಹೋದ ಹಲವು ಪಾದ್ರಿಗಳು ಬಿಟ್ಟುಹೋದದ್ದು ಇಂಥವರ ನಾಲಿಗೆಯ ಮೇಲಿತ್ತು.

ಗಡಿನಾಡಿನ ಓದುಗರಿಗೆ ಈ ಸಂಗತಿ ತೀರ ದೂರದ್ದಲ್ಲ. ಲೂಥರನ್ ಮತ್ತು ರಿಫಾರ್ಮ್ಡ್ ಪರಂಪರೆಗಳೆರಡೂ ಕೂಡಿದ್ದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಜರ್ಮನ್ ಪಾದ್ರಿಗಳ ಕಾಲ 1914ರ ಯುದ್ಧದೊಂದಿಗೆ ಮುರಿದುಬಿತ್ತು. ಗುಂಡರ್ಟರು ಹೋದರು, 1872ರ ಮಲಯಾಳ ನಿಘಂಟು ಉಳಿಯಿತು. ಕಿಟ್ಟೆಲರು ಹೋದರು, 1894ರ ಕನ್ನಡ ನಿಘಂಟು ಉಳಿಯಿತು. ಎರಡೂ ಅಚ್ಚಾದುದು ಮಂಗಳೂರಿನಲ್ಲೇ. ಸಭೆಗಳೂ ಉಳಿದವು, ಏಕೆಂದರೆ ಹಾಡುವವರ ಭಾಷೆ ಹಾಡುವವರದೇ ಆಗಿತ್ತು.

ಕನ್ನಡ ಬಲ್ಲ ಮಾಸ್ತರರು ನಿವೃತ್ತರಾಗಿ, ಆ ಜಾಗಕ್ಕೆ ಕನ್ನಡ ಬಾರದವರು ಬಂದಾಗ ಶಾಲೆಯೊಂದರಲ್ಲಿ ಏನಾಗುತ್ತದೆಂದು ನಾವು ಬಲ್ಲೆವು. ಅರ್ಜಿ ಬರೆಯುತ್ತೇವೆ, ಧರಣಿ ಕೂರುತ್ತೇವೆ. ಅದು ನ್ಯಾಯ, ಬಿಡಬಾರದು. ಕ್ರಮವಾದ ಕರೆಯಿಲ್ಲದೆ ಸಭೆಯಲ್ಲಿ ಬೋಧಿಸಕೂಡದೆಂದು ಆ 14ನೆಯ ವಿಧಿಯೂ ಹೇಳುತ್ತದೆ. ಆದರೆ ಯೆರ್ಟ್ಸರ ಕೃತಿ ಇನ್ನೊಂದು ಪ್ರಶ್ನೆಯನ್ನು ನಮ್ಮ ಮನೆಯ ಜಗಲಿಗೇ ತಂದಿಡುತ್ತದೆ. ಮಾಸ್ತರರು ಇದ್ದಷ್ಟು ಕಾಲ ಅವರಿಂದ ನಾವು ಪಡೆದದ್ದೆಷ್ಟು, ಅದರಲ್ಲಿ ನಮ್ಮ ಮಕ್ಕಳ ಬಾಯಿಗೆ ಬಂದದ್ದೆಷ್ಟು?

ಮೂರನೆಯ ಕಥೆಯಲ್ಲಿ ಧರ್ಮಚರ್ಚೆ ಕಥೆಯನ್ನು ಅಲ್ಲಲ್ಲಿ ನುಂಗುತ್ತದೆ. ಪಾತ್ರಗಳು ಲೇಖಕನ ವಾದಕ್ಕೆ ದನಿಯಾಗುವುದೂ ಉಂಟು. ಅಷ್ಟಾದರೂ ಇದು ಕನ್ನಡಕ್ಕೂ ಮಲಯಾಳಕ್ಕೂ ಬರಬೇಕಾದ ಪುಸ್ತಕ. ಹೊಸ ಪಾದ್ರಿ ಹಳಬನಿಗಿಂತ ಮೇಲೋ ಕೀಳೋ ಎಂದು ತೂಗುವ ಅಭ್ಯಾಸವನ್ನು ಅದು ಬಿಡಿಸುತ್ತದೆ. ಪಾದ್ರಿ ಮಾತು ಸೋತ ರಾತ್ರಿಯಲ್ಲಿ ಕತ್ರೀನಾ ಒಬ್ಬಳಾದರೂ ಇದ್ದಾಳೋ ಇಲ್ಲವೋ, ಸಭೆಯ ಬಾಳ್ವೆ ನಿಂತಿರುವುದು ಅದರ ಮೇಲೆ.